ನಮ್ಮೂರಿನ ಕಥೆ, ರಾಜಸ್ಥಾನದ ಮರಳು

ನಮಸ್ಕಾರ ಮಾರ್ರೆ. ‘ದಹಾಡ್’ ಅನ್ನುವ ಹಿಂದಿ ವೆಬ್ ಸೀರೀಸ್ ಎರಡನೇ ಸಲ ನೋಡ್ತಾ ಇದ್ದೇನೆ. ಈ ಸಲ ಅಮ್ಮನೂ ಜೊತೆಗಿದ್ದಾರೆ. ಸಾರ್ವಜನಿಕ ಶೌಚಾಲಯದಲ್ಲಿ, ಸಿಂಗಾರ ಮಾಡಿಕೊಂಡ ಹೆಣ್ಣಿನ ಹೆಣ ಕಂಡ ಕೂಡಲೇ ಅವರು ಕೇಳಿದ್ದು ಒಂದೇ: “ಇದು ನಮ್ಮ ಸಯನೈಡ್ ಮೋಹನನದ್ದಲ್ವಾ?”

ಹೌದು, ಮಂಗಳೂರಿನವರಿಗೆ ಬೇರೆ ಯಾರು ನೆನಪಾಗಬೇಕು? ಆತ ಪ್ರಾಥಮಿಕ ಶಾಲೆ ಮೇಷ್ಟ್ರು. ಮದುವೆಯಾಗ್ತೇನೆ ಅಂತ ಹೇಳಿ ಹುಡುಗಿಯನ್ನು ದೂರದ ಊರಿಗೆ ಕರೆದುಕೊಂಡು ಹೋಗುವುದು. ಬೆಳಿಗ್ಗೆ ಚಿನ್ನವೆಲ್ಲ ಲಾಡ್ಜ್ ರೂಮಿನಲ್ಲೇ ಬಿಡಿಸುವುದು. ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಮಾತ್ರೆ ಅಂತ ಸಯನೈಡ್ ಕೊಡುವುದು. ಮೈಸೂರು, ಮಡಿಕೇರಿ, ಬೆಂಗಳೂರು, ಹೀಗೆ ಬೇರೆ ಬೇರೆ ಊರಿನಲ್ಲಿ ಹೆಣ ಸಿಕ್ಕಿದರೂ ಯಾರೂ ಒಂದಕ್ಕೊಂದು ಜೋಡಿಸಲಿಲ್ಲ. 2009ರಲ್ಲಿ ಸಿಕ್ಕಿಬಿದ್ದ. 20 ಕೇಸುಗಳಲ್ಲಿ ಕೊನೆಯದರ ತೀರ್ಪು ಬರುವಾಗ 2020 ಆಗಿತ್ತು.

ಸೀರೀಸ್ ಇದನ್ನೆಲ್ಲ ರಾಜಸ್ಥಾನದ ಮಂಡಾವಾಕ್ಕೆ ಒಯ್ದಿದೆ. ಮಳೆ ಇಲ್ಲ, ಕೆಂಪು ಮಣ್ಣಿಲ್ಲ. ನನಗೆ ಮೊದಲು ಸಿಟ್ಟೇ ಬಂದಿತ್ತು. ಕೊನೆಯ ಎಪಿಸೋಡುಗಳನ್ನು ಸ್ವಲ್ಪ ಜಾಸ್ತಿ ಎಳೆದಿದ್ದಾರೆ, ಅದೂ ನಿಜ. ಆದರೆ ಕೊಲೆಗಾರನ ಪಾತ್ರದಲ್ಲಿ ವಿಜಯ್ ವರ್ಮಾ ಇದ್ದಾರಲ್ಲ! ವ್ಯಾನಿನಲ್ಲಿ ಮಕ್ಕಳಿಗೆ ಪುಸ್ತಕ ಕೊಡುವ ಮೇಷ್ಟ್ರು. ನಮ್ಮ ಮನೆಗೆ ಬಂದರೆ ನಾವೂ ಚಾ ಮಾಡಿ ಕೊಡುತ್ತಿದ್ದೆವು.

ಇನ್ನೊಂದು ವಿಷಯಕ್ಕೆ ನಾನು ಈ ಸೀರೀಸಿನ ಫ್ಯಾನ್. ಕಾಣೆಯಾದ ಹುಡುಗಿಯ ಒಡಹುಟ್ಟಿದವನು ಠಾಣೆಗೆ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಡವರು, ಕೆಳಜಾತಿಯವರು, ಸುಮ್ನೆ ಕೂರಿಸಿ ಕಳಿಸುತ್ತಾರೆ. ಬೇರೆ ಧರ್ಮದವನ ಜೊತೆ ಓಡಿಹೋದಳು ಅಂತ ಸುಳ್ಳು ಹೇಳಿದ ಮೇಲೆ ಫೈಲು ಓಡಲು ಶುರು! ಉತ್ಪ್ರೇಕ್ಷೆ ಅಂತೀರಾ? ಮೋಹನನ ಕೇಸಿನಲ್ಲೂ, ಬಂಟ್ವಾಳದಲ್ಲಿ ಹುಡುಗಿಯೊಬ್ಬಳು ಕಾಣೆಯಾಗಿ, ಅಂಥದ್ದೇ ಸಂಶಯಕ್ಕೆ ಗಲಾಟೆ ಎದ್ದ ಮೇಲೆಯೇ ತನಿಖೆ ಚುರುಕಾದದ್ದು. ಆಮೇಲೆ ಫೋನ್ ಕರೆಗಳ ಜಾಡು ಹಿಡಿದು ಹೋದರೆ, ಕೊನೆಗೆ ಸಿಕ್ಕಿದ್ದು ಈ ಮೇಷ್ಟ್ರು.

ಆ ದೃಶ್ಯ ಬರುವಾಗ ಅಮ್ಮ ರಿಮೋಟ್ ತೆಗೆದುಕೊಂಡು ನಿಲ್ಲಿಸಿದರು. ಮೋಹನನ ಕೇಸಿನ ಆ ಕಾಲದಲ್ಲಿ ಅವರು ಬೀಡಿ ಕಟ್ಟುತ್ತಿದ್ದರು. ಬೀಡಿ ಕೊಡಲು ಹೋದರೆ ಇದೇ ಮಾತಂತೆ.

“ಯಾವ ಹುಡುಗಿ ಕಾಣದಿದ್ದರೂ, ಯಾರೊಟ್ಟಿಗೋ ಓಡಿರಬೇಕು ಅಂತ ನಾವೂ ಹೇಳಿದ್ದುಂಟು” ಅಂದರು.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ರಿಮೋಟ್ ನನ್ನ ಕೈಗೆ ಕೊಟ್ಟರು. “ಹಾಕು, ಮುಂದೆ ನೋಡುವ.”