ಹನ್ನೆರಡು ವರ್ಷಕ್ಕೇ ಆಗ್ಬೇಕಾ ಗ್ರ್ಯಾಂಡ್‌ಮಾಸ್ಟರ್?

ನಮಸ್ಕಾರ. ನಾಳೆ ಮೆಟ್ರೋದಲ್ಲೋ, ಆಫೀಸ್ ಕ್ಯಾಂಟೀನ್‌ನಲ್ಲೋ ಪಕ್ಕದಲ್ಲಿರೋರನ್ನ ಸುಮ್ನೆ ಕೇಳಿ ನೋಡಿ: ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್ ಯಾರು? ಆನಂದ್ ಅಂತಾರೆ. ಅವರು ಚೆನ್ನೈನವರು. ಗುಕೇಶ್, ಪ್ರಜ್ಞಾನಂದ ಅಂತಾರೆ. ಅವರೂ ಚೆನ್ನೈನವರೇ. ಸ್ವಲ್ಪ ತಿಳ್ಕೊಂಡಿರೋರು ಪ್ರಣವ್ ಆನಂದ್ ಹೆಸರು ಹೇಳಬಹುದು. ನಮ್ಮ ಬೆಂಗಳೂರಿನ ಹುಡುಗ, 2022ರಲ್ಲಿ ರೊಮೇನಿಯಾದ ಮಮಾಯಾದಲ್ಲಿ ಹದಿನಾರು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ, ಅದೇ ಟೂರ್ನಮೆಂಟ್‌ನಲ್ಲಿ 2500 ರೇಟಿಂಗ್ (ಆಟಗಾರರ ಬಲ ಅಳೆಯೋ ಅಂಕ) ದಾಟಿ ಭಾರತದ 76ನೇ ಗ್ರ್ಯಾಂಡ್‌ಮಾಸ್ಟರೂ ಆದ. ಇರಲಿ, ಆದ್ರೆ ಮೊದಲನೆಯವನಲ್ಲ.

ಮೊದಲನೆಯವರು ಮೈಸೂರಿನ ಎಂ. ಎಸ್. ತೇಜ್‌ಕುಮಾರ್. 2017ರಲ್ಲಿ. ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಪಕ್ಕದ ರಾಜ್ಯದಿಂದ ನಮ್ಮ ರಾಜ್ಯಕ್ಕೆ ಆ ಪಟ್ಟ ಬರೋಕೆ 29 ವರ್ಷ ಹಿಡೀತು. ಕಾವೇರಿ ನೀರು ಹರಿಯೋ ದಿಕ್ಕಿಗೆ ತದ್ವಿರುದ್ಧ ಬರಬೇಕಿತ್ತಲ್ಲ, ಅದಕ್ಕೇ ಇರಬೇಕು.

ಮೈಸೂರು ಅಂದ ತಕ್ಷಣ ಇನ್ನೊಂದು ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮರೀತೀನಿ. ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಚದುರಂಗದ ಹುಚ್ಚು ಎಂಥದ್ದಿತ್ತು ಅಂದ್ರೆ, ಒಂದೇ ಕುದುರೆ ಪ್ರತಿ ಮನೆಗೂ ಒಂದೊಂದೇ ಸಲ ಹೋಗಿ ಅರವತ್ನಾಲ್ಕೂ ಮನೆ ಮುಗಿಸೋ ದಾರಿಗಳನ್ನ ಕೂತು ರಚಿಸಿದ್ರು. ಅಂಥ ಊರಿಂದ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದಿದ್ದು ನ್ಯಾಯವೇ. ಬೆಂಗಳೂರಿನವರಿಗೆ ಒಂಚೂರು ಹೊಟ್ಟೆ ಉರಿದ್ರೂ ನ್ಯಾಯವೇ.

ಆದ್ರೆ ನಾನಿವತ್ತು ಮಾತಾಡ್ಬೇಕು ಅಂತಿರೋದು ಊರಿನ ಬಗ್ಗೆ ಅಲ್ಲ, ವಯಸ್ಸಿನ ಬಗ್ಗೆ. ಪಟ್ಟ ಬಂದಾಗ ತೇಜ್‌ಕುಮಾರ್ ಮೂವತ್ತೈದು ದಾಟಿದ್ರು. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವರು ಐಎಂ, ಅಂದ್ರೆ ಇಂಟರ್‌ನ್ಯಾಷನಲ್ ಮಾಸ್ಟರ್, ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪಟ್ಟ. ಕೆಲಸ ನೈಋತ್ಯ ರೈಲ್ವೆಯಲ್ಲಿ.

ಜಯನಗರದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡೋನು ನಾನು. ನನ್ನ ಹತ್ರ ಬರೋ ಅಪ್ಪ-ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಒಂದು ಸಂಖ್ಯೆ ಬಾಯಿಪಾಠ. ಗುಕೇಶ್ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 12 ವರ್ಷ, 7 ತಿಂಗಳು, 17 ದಿನಕ್ಕೆ. "ಸಾರ್, ನಮ್ಮೋನಿಗೆ ಆಗ್ಲೇ ಹತ್ತು ಆಯ್ತು, ಇನ್ನೂ 1400 ರೇಟಿಂಗ್‌ನಲ್ಲೇ ಇದ್ದಾನೆ, ತಡ ಆಗೋಯ್ತಾ?" ಹತ್ತು ವರ್ಷದ ಮಗು ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ತಾ ಇರುತ್ತೆ. ಹತ್ತಕ್ಕೇ ತಡ!

ಆ ದಾಖಲೆಯ ಕಥೆಯನ್ನೇ ಸ್ವಲ್ಪ ನೋಡಿ. ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಅನ್ನೋ ದಾಖಲೆ 2002ರಿಂದ ಸೆರ್ಗೆಯ್ ಕರ್ಯಾಕಿನ್ ಹೆಸರಲ್ಲಿತ್ತು, 12 ವರ್ಷ 7 ತಿಂಗಳು. ಗುಕೇಶ್ 2019ರ ಜನವರಿಯಲ್ಲಿ ದೆಹಲಿಯಲ್ಲಿ ಅದನ್ನ ಬರೀ 17 ದಿನದ ಅಂತರದಲ್ಲಿ ಕಳ್ಕೊಂಡ. ಆಗ ಅಯ್ಯೋ ಅಂದವರೆಷ್ಟು ಜನ! 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ 12 ವರ್ಷ 4 ತಿಂಗಳಿಗೇ ಪಟ್ಟ ತಗೊಂಡು ದಾಖಲೆ ಮುರಿದ. ಕರ್ಯಾಕಿನ್ 2016ರಲ್ಲಿ ನ್ಯೂಯಾರ್ಕ್‌ನಲ್ಲಿ ಆಗಿನ ಚಾಂಪಿಯನ್ ಕಾರ್ಲ್‌ಸನ್ ಎದುರು ವಿಶ್ವ ಕಿರೀಟಕ್ಕೆ ಆಡಿದ್ರು, ಟೈಬ್ರೇಕ್‌ನಲ್ಲಿ ಸೋತ್ರು. ಕಿರೀಟ ಸಿಕ್ಕಿದ್ದು 17 ದಿನ ತಡ ಮಾಡಿದವನಿಗೆ. 2024ರ ಡಿಸೆಂಬರ್ 12, ಸಿಂಗಾಪುರ, ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಎದುರು ಹದಿನಾಲ್ಕನೇ ಆಟ. ಡ್ರಾ ಆಗುತ್ತೆ ಅಂತ ಎಲ್ಲರೂ ಎದ್ದು ಹೋಗೋ ಹೊತ್ತಲ್ಲಿ ಡಿಂಗ್ ಆನೆಯನ್ನ ತಪ್ಪು ಮನೆಗಿಟ್ರು, ಗುಕೇಶ್ ಬಿಡಲಿಲ್ಲ. ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್. ಆ 17 ದಿನದ ವಿಷಯ ಆಮೇಲೆ ಯಾರಾದ್ರೂ ಎತ್ತಿದ್ರಾ?

ನೀವು ಕೇಳಬಹುದು, ಹಾಗಾದ್ರೆ ಚಿಕ್ಕ ವಯಸ್ಸಿಗೆ ಬೆಲೆನೇ ಇಲ್ವಾ ಅಂತ. ಇದೆ. ಸುಳ್ಳು ಹೇಳಲ್ಲ. ಲೆಕ್ಕ ಹಾಕೋ ವೇಗ, ಐದು ಗಂಟೆ ಕುರ್ಚಿ ಬಿಡದೆ ಕೂರೋ ತಾಕತ್ತು, ಕಂಪ್ಯೂಟರ್ ತೋರಿಸಿದ ಓಪನಿಂಗ್‌ಗಳನ್ನ, ಅಂದ್ರೆ ಆಟದ ಶುರುವಿನ ನಡೆಗಳನ್ನ, ನೆನಪಲ್ಲಿ ಇಟ್ಕೊಳೋದು, ಇದೆಲ್ಲ ಹದಿನೈದರಲ್ಲಿ ಇದ್ದಷ್ಟು ಸಲೀಸಾಗಿ ಮೂವತ್ತೈದರಲ್ಲಿ ಇರಲ್ಲ. ವಿಶ್ವ ಚಾಂಪಿಯನ್ ಆಗ್ಬೇಕು ಅಂದ್ರೆ ಬೇಗ ಶುರು ಮಾಡಲೇಬೇಕು. ಅದಕ್ಕೆ ಕೊಡೋ ಬೆಲೆನೂ ತಿಳಿದಿರಲಿ: ಗುಕೇಶ್ ಅಪ್ಪ ಇಎನ್‌ಟಿ ಸರ್ಜನ್, ಮಗನ ಜೊತೆ ದೇಶದೇಶ ಸುತ್ತೋಕೆ ಪ್ರಾಕ್ಟೀಸ್ ನಿಲ್ಲಿಸಿದ್ರು. ಮನೆ ನಡೆದಿದ್ದು ಅಮ್ಮನ ಸಂಬಳದಲ್ಲಿ. ಎಲ್ಲಾ ಮನೇಲೂ ಅದು ಆಗುತ್ತಾ?

ನನ್ನ ತಕರಾರು ಬೇರೆ. ವಿಶ್ವ ಚಾಂಪಿಯನ್ ಆಗೋ ದಾರಿಯನ್ನೇ ನಾವು ಗ್ರ್ಯಾಂಡ್‌ಮಾಸ್ಟರ್ ಆಗೋ ಏಕೈಕ ದಾರಿ ಅಂತ ನಂಬಿಬಿಟ್ಟಿದ್ದೀವಿ. ಹಾಗೆ ನಂಬಿದ್ರಿಂದ ಏನಾಗಿದೆ ಅಂದ್ರೆ, ಬೆಂಗಳೂರಲ್ಲಿ ಒಂಬತ್ತು ವರ್ಷದೊಳಗಿನವರ ಟೂರ್ನಮೆಂಟ್‌ಗೆ ಹೋದ್ರೆ ಕಾಲಿಡೋಕೆ ಜಾಗ ಇರಲ್ಲ. ಕಾರಿಡಾರ್ ತುಂಬ ಅಪ್ಪ-ಅಮ್ಮ, ಟಿಫನ್ ಡಬ್ಬಿ, ನೀರಿನ ಬಾಟ್ಲು, ಪೇರಿಂಗ್ (ಯಾರಿಗೆ ಯಾರು ಎದುರಾಳಿ ಅನ್ನೋ ಪಟ್ಟಿ) ಬಂತಾ ಅಂತ ಮೊಬೈಲ್ ನೋಡೋ ಗಲಾಟೆ. ಅದೇ ಮಕ್ಕಳನ್ನ ಎಂಟು ವರ್ಷ ಬಿಟ್ಟು ಹುಡುಕಿ. ಎಸ್ಸೆಸ್ಸೆಲ್ಸಿಗೆ ಅರ್ಧ ಹೋದ್ರು. ಸೆಕೆಂಡ್ ಪಿಯುಸಿ, ಸಿಇಟಿ, ಜೆಇಇ ಬಂತು ಅಂದ್ರೆ ಉಳಿದವರೂ ಮಾಯ. 2100, 2200 ಮುಟ್ಟಿದ ಮಕ್ಕಳು ಸ್ವಾಮಿ, ಅಷ್ಟು ಆಡೋಕೆ ಹತ್ತು ವರ್ಷದ ಬೆವರು ಬೇಕು. "ಗ್ರ್ಯಾಂಡ್‌ಮಾಸ್ಟರ್ ಅಂತೂ ಆಗಲ್ಲ, ಇನ್ಯಾಕೆ" ಅಂತ ಬಿಟ್ಟುಬಿಡ್ತಾರೆ. ಯಾರು ಹೇಳಿದ್ದು ಆಗಲ್ಲ ಅಂತ?

ಸರಿ, ಬಿಡದೆ ಇರೋರ ಕಥೆ ಏನು? ಇಲ್ಲಿ ಸ್ವಲ್ಪ ಲೆಕ್ಕ ಮಾತಾಡ್ಬೇಕು, ಬೇಜಾರು ಮಾಡ್ಕೋಬೇಡಿ, ನಿಜವಾದ ವಿಷಯ ಇರೋದೇ ಇಲ್ಲಿ.

ಗ್ರ್ಯಾಂಡ್‌ಮಾಸ್ಟರ್ ಆಗೋಕೆ ಎರಡು ಬೇಕು. ಒಂದು, ಯಾವಾಗಾದ್ರೂ ಒಮ್ಮೆ ರೇಟಿಂಗ್ 2500 ಮುಟ್ಟಬೇಕು. ಎರಡು, ನಾರ್ಮ್‌ಗಳು, ಸಾಮಾನ್ಯವಾಗಿ ಮೂರು. ಒಂದು ನಾರ್ಮ್ ಅಂದ್ರೆ ಒಂಬತ್ತು ಸುತ್ತಿನ ಟೂರ್ನಮೆಂಟ್‌ನಲ್ಲಿ 2600ರ ಮಟ್ಟದ ಆಟ, ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳು, ಜೊತೆಗೆ ಬೇರೆ ಬೇರೆ ದೇಶದವರು. ಮೂರು ಸೇರಿ 27 ಆಟ. ತಪ್ಪಿದ್ರೆ ಅರ್ಧ ಪಾಯಿಂಟ್‌ನಲ್ಲಿ ತಪ್ಪುತ್ತೆ, ಮತ್ತೆ ಮೊದಲಿಂದ.

ಈಗ ರೇಟಿಂಗ್ ನೋಡಿ. ಪ್ರತಿ ಆಟಕ್ಕೂ ಪಾಯಿಂಟ್ ಏರಿಳಿಯುತ್ತಲ್ಲ, ಅದನ್ನ ಗುಣಿಸೋಕೆ ಒಂದು ಸಂಖ್ಯೆ ಇದೆ, ಕೆ ಫ್ಯಾಕ್ಟರ್ ಅಂತ. ಹದಿನೆಂಟು ತುಂಬದ, 2300ರ ಕೆಳಗಿರೋ ಮಕ್ಕಳಿಗೆ ಅದು 40. ದೊಡ್ಡವರಿಗೆ 20. ಒಂದ್ಸಲ 2400 ಮುಟ್ಟಿದ್ರಿ ಅಂದ್ರೆ 10, ಆಮೇಲೆ ಜೀವನಪೂರ್ತಿ 10. ಮಕ್ಕಳು ಲಿಫ್ಟ್‌ನಲ್ಲಿ ಹೋಗ್ತಾರೆ, ದೊಡ್ಡವರು ಮೆಟ್ಟಿಲು ಹತ್ತಬೇಕು. ನೀವು 2400ರ ಐಎಂ ಅಂತಿಟ್ಕೊಳ್ಳಿ. ನಿಮ್ಮಷ್ಟೇ ಬಲದವರನ್ನ ಗೆದ್ರೆ ಐದು ಪಾಯಿಂಟ್. ನೂರು ಪಾಯಿಂಟ್ ಏರಬೇಕು ಅಂದ್ರೆ ಸೋಲಿಗಿಂತ ಇಪ್ಪತ್ತು ಗೆಲುವು ಜಾಸ್ತಿ ಇರಬೇಕು, ಮೇಲಕ್ಕೆ ಹೋದ ಹಾಗೆ ಇನ್ನೂ ಜಾಸ್ತಿ. ಮೊದಲ ಸುತ್ತಲ್ಲಿ ನಿಮಗೆ ಸಿಗೋದು ಯಾರು? ಕಾಲು ನೆಲಕ್ಕೆ ಎಟುಕದ, 2000 ರೇಟಿಂಗ್‌ನ ಒಂದು ಹುಡುಗಿ. ಅವಳ ನಿಜವಾದ ಬಲ 2200 ಇರುತ್ತೆ, ರೇಟಿಂಗ್ ಇನ್ನೂ ಅಲ್ಲಿಗೆ ತಲುಪಿರಲ್ಲ. ಅವಳನ್ನ ಗೆದ್ರೆ ನಿಮಗೆ ಪೂರ್ತಿ ಒಂದು ಪಾಯಿಂಟೂ ಬರಲ್ಲ. ಡ್ರಾ ಆದ್ರೆ ನಾಲ್ಕು ಹೋಯ್ತು. ಸೋತ್ರೆ ಒಂಬತ್ತು. ಅದೇ ಡ್ರಾಗೆ ಅವಳಿಗೆ ಹದಿನಾರಕ್ಕಿಂತ ಜಾಸ್ತಿ. ಮಗು ಮೇಲೆ ನನಗೇನೂ ಕೋಪ ಇಲ್ಲ, ನನ್ನ ಹತ್ರ ಕಲಿಯೋರೂ ಅಂಥವರೇ. ಈ ತೊಂದರೆ ವಿಶ್ವ ಚೆಸ್ ಸಂಸ್ಥೆ ಫಿಡೆಗೂ ಗೊತ್ತಾಗಿ 2024ರ ಮಾರ್ಚ್‌ನಲ್ಲಿ 2000ಕ್ಕಿಂತ ಕೆಳಗಿನವರ ರೇಟಿಂಗ್‌ನ ಒಂದೇ ಸಲಕ್ಕೆ ಮೇಲಕ್ಕೆತ್ತಿತು. ಸ್ವಲ್ಪ ಹಗುರ ಆಯ್ತು, ಮುಗೀಲಿಲ್ಲ.

ಇಂಥ ಮೆಟ್ಟಿಲನ್ನ ನೌಕರಿ ಮಾಡ್ಕೊಂಡು, ರಜೆ ಲೆಕ್ಕ ಹಾಕ್ಕೊಂಡು, ಮೂವತ್ತರ ನಂತರ ಹತ್ತೋದಿದೆಯಲ್ಲ, ಅದಕ್ಕೆ ಹನ್ನೆರಡು ವರ್ಷದ ಅದ್ಭುತಕ್ಕಿಂತ ಕಡಿಮೆ ಗೌರವ ಯಾಕೆ ಅನ್ನೋದೇ ನನ್ನ ಪ್ರಶ್ನೆ. ತಮಿಳುನಾಡಿನ ಪಿ. ಶ್ಯಾಮ್ ನಿಖಿಲ್ ಅಂತ ಒಬ್ಬರಿದ್ದಾರೆ. 2012ರ ಹೊತ್ತಿಗೆ ಎರಡು ನಾರ್ಮ್ ಆಗಿತ್ತು, 2500 ಕೂಡ ಆಗಿತ್ತು. ಬಾಕಿ ಇದ್ದಿದ್ದು ಒಂದೇ ಒಂದು ನಾರ್ಮ್. ಅದು ಬಂದಿದ್ದು 2024ರಲ್ಲಿ, ದುಬೈನಲ್ಲಿ, ಅವರಿಗೆ 31 ವರ್ಷ ಆದಾಗ. ಹನ್ನೆರಡು ವರ್ಷ! ಆ ಟೂರ್ನಮೆಂಟ್‌ನಲ್ಲಿ ಅವರು ಒಂದು ಗೆದ್ದು ಎಂಟು ಡ್ರಾ ಮಾಡಿದ್ರು. ಯೂಟ್ಯೂಬ್‌ಗೆ ಬೇಕಾದ ಆಟ ಅಲ್ಲ ಅದು. ನನಗಂತೂ ಆ ಎಂಟು ಡ್ರಾಗಳಷ್ಟು ಇಷ್ಟವಾದ ಸ್ಕೋರ್‌ಶೀಟ್ ಇನ್ನೊಂದಿಲ್ಲ.

ತಡ ಅಂದ್ರೆ ಎಷ್ಟು ತಡ ಅಂತ ನೋಡೋದಾದ್ರೆ ಮೀರ್ ಸುಲ್ತಾನ್ ಖಾನ್ ಇದ್ದಾರೆ. ಪಂಜಾಬಿನವರು, ಸರ್ ಉಮರ್ ಹಯಾತ್ ಖಾನ್ ಜೊತೆ ಇಂಗ್ಲೆಂಡಿಗೆ ಹೋದವರು, 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್, ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನ ಸೋಲಿಸಿದವರು. ಊರಿಗೆ ವಾಪಸ್ ಬಂದು 1966ರಲ್ಲಿ ತೀರಿಕೊಂಡ್ರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು 2024ರಲ್ಲಿ.

ಇನ್ನು ಕೊನೇರು ಹಂಪಿ. ಅವರದ್ದು ಬೇಗ, ತಡ ಎರಡೂ ಇರೋ ಕಥೆ. 2002ರಲ್ಲಿ ಹದಿನೈದಕ್ಕೇ ಗ್ರ್ಯಾಂಡ್‌ಮಾಸ್ಟರ್. ಮದುವೆ, ಮಗು, ಬೋರ್ಡ್‌ನಿಂದ ದೂರ. ಮುಗೀತು ಅಂದ್ಕೊಂಡವರಿದ್ರು. 2019ರಲ್ಲಿ ವಿಶ್ವ ರ‍್ಯಾಪಿಡ್, ಅಂದ್ರೆ ಬೇಗ ಮುಗಿಯೋ ಚೆಸ್‌ನ, ಚಾಂಪಿಯನ್. 2024ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಮತ್ತೆ ಅದೇ. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಬಟುಮಿಯಲ್ಲಿ ಎದುರುಬದುರು ಕೂತಿದ್ದು 38ರ ಹಂಪಿ, 19ರ ದಿವ್ಯಾ ದೇಶ್‌ಮುಖ್. ದಿವ್ಯಾ ಟೈಬ್ರೇಕ್‌ನಲ್ಲಿ ಗೆದ್ದು ಅಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದ್ಳು, ಒಂದೂ ನಾರ್ಮ್ ಇಲ್ಲದೆ, ಆ ಕಪ್ ಗೆದ್ದಿದ್ದಕ್ಕೇ ನೇರವಾಗಿ. ಆವತ್ತು ಎಲ್ಲ ಕ್ಯಾಮೆರಾನೂ ದಿವ್ಯಾ ಕಡೆ, ಇರಲೇಬೇಕು. ನಾನು ನೋಡ್ತಾ ಇದ್ದಿದ್ದು ಹಂಪಿನ. 2002ರಿಂದ 2025ರವರೆಗೆ ಮೇಲಿನ ಮಟ್ಟದಲ್ಲಿ ಉಳಿಯೋದಕ್ಕೆ ಏನು ಬೇಕು ಅಂತ.

ಏನು ಬೇಕು? ಸಂಬಳ ಬೇಕು. ಹಂಪಿ ಓಎನ್‌ಜಿಸಿ ಉದ್ಯೋಗಿ. ತೇಜ್‌ಕುಮಾರ್ ರೈಲ್ವೆ. ಇದನ್ನ ಹೇಳಿದ್ರೆ ಕೆಲವರಿಗೆ ಕಸಿವಿಸಿ, ಪ್ರತಿಭೆ, ತಪಸ್ಸು ಅಂತ ಮಾತಾಡೋ ಕಡೆ ಸಂಬಳದ ಚೀಟಿ ಯಾಕೆ ತರ್ತೀರ ಅಂತಾರೆ. ಸ್ವಾಮಿ, ಚೆಸ್‌ನಲ್ಲಿ ಜಗತ್ತಿನ ಮೇಲಿನ ಕೆಲವೇ ಜನಕ್ಕೆ ಬಿಟ್ರೆ ಬಹುಮಾನದ ದುಡ್ಡಲ್ಲಿ ಮನೆ ನಡೆಯಲ್ಲ. ಕ್ರೀಡಾ ಕೋಟಾದ ಒಂದು ನೌಕರಿ ಕೊಡೋದು ಬರೀ ಸಂಬಳ ಅಲ್ಲ, ನಲವತ್ತರವರೆಗೂ ಆಡಬಹುದು ಅನ್ನೋ ಧೈರ್ಯ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಪ್ರಣವ್ ಆನಂದ್, ಶಿವಮೊಗ್ಗದ ಜಿ. ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, ತೇಜ್‌ಕುಮಾರ್ ದಾರಿ ತೆರೆದ ಮೇಲೆ ಬಂದವರು. ಬೆರಳಲ್ಲಿ ಎಣಿಸಬಹುದು. ನಮ್ಮಲ್ಲಿ ದುಡ್ಡಿಲ್ವಾ? ಈ ಊರಲ್ಲಿ ಇಂಟರ್‌ನ್ಯಾಷನಲ್ ಕಂಪನಿಗಳಿಗೆ ಬರ ಇಲ್ಲ, ಮ್ಯಾರಥಾನ್‌ಗೆ ಟೀ ಶರ್ಟ್ ಹಂಚೋಕೆ ಸ್ಪಾನ್ಸರ್ ಸಿಗ್ತಾರೆ. 2024ರ ಜನವರಿಯಲ್ಲಿ ಇಲ್ಲಿ ಅಂತರರಾಷ್ಟ್ರೀಯ ಗ್ರ್ಯಾಂಡ್‌ಮಾಸ್ಟರ್ ಓಪನ್ ನಡೀತು, ಒಳ್ಳೇದೇ. ಆದ್ರೆ ದೊಡ್ಡ ಓಪನ್‌ನಲ್ಲಿ ಯಾರಿಗೆ ಯಾರು ಸಿಗ್ತಾರೆ ಅನ್ನೋದು ಪೇರಿಂಗ್ ಕೈಲಿರುತ್ತೆ. ಏಳು ಸುತ್ತು ಚೆನ್ನಾಗಿ ಆಡಿ, ಮೂರನೇ ಗ್ರ್ಯಾಂಡ್‌ಮಾಸ್ಟರ್ ಸಿಗದೆ ನಾರ್ಮ್ ಕಳ್ಕೊಂಡವರಿದ್ದಾರೆ. ಅದಕ್ಕೇ ನಮ್ಮ ಹುಡುಗರು ಸಾಲ ಮಾಡಿ ಬುಡಾಪೆಸ್ಟ್‌ಗೆ, ಸರ್ಬಿಯಾಗೆ ಹೋಗೋದು. ಅಲ್ಲಿ ಹತ್ತು ಜನರ ಸಣ್ಣ ಟೂರ್ನಮೆಂಟ್‌ಗಳು ನಡೀತಾನೇ ಇರುತ್ತವೆ, ಎಲ್ಲರಿಗೂ ಎಲ್ಲರೂ ಎದುರಾಗ್ತಾರೆ, ನಾರ್ಮ್‌ಗೆ ಎಷ್ಟು ಪಾಯಿಂಟ್ ಬೇಕು ಅಂತ ಮೊದಲ ದಿನವೇ ಗೊತ್ತಿರುತ್ತೆ.

ಅದನ್ನ ಇಲ್ಲೇ ಮಾಡಿ ಅಂತ ನನ್ನ ಒತ್ತಾಯ. ಆಯೋಜಕರು ಯಾರಾದ್ರೂ ಕೇಳ್ತಾ ಇದ್ರೆ ಬರ್ಕೊಳ್ಳಿ. ಕ್ರೀಡಾಂಗಣ ಬೇಡ, ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಂದು ಹಾಲ್, ಐದು ಬೋರ್ಡ್, ಒಬ್ಬ ಆರ್ಬಿಟರ್ (ತೀರ್ಪುಗಾರ). ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳು, ನಾಲ್ಕೈದು ಜನ ಹೊರದೇಶದವರು. ಮಿಕ್ಕ ಸೀಟುಗಳಲ್ಲಿ ಒಂದನ್ನ ಹದಿಮೂರರ ಪ್ರತಿಭೆಗೆ ಕೊಡಿ, ಬೇಡ ಅನ್ನಲ್ಲ. ಇನ್ನೊಂದನ್ನ ನೌಕರಿಯಲ್ಲಿರೋ, ಮೂವತ್ತು ದಾಟಿದ ನಮ್ಮ ಕರ್ನಾಟಕದ ಐಎಂ ಒಬ್ಬರಿಗೆ ಇಡಿ. ಶನಿವಾರ ಶುರು ಮಾಡಿ, ಮುಂದಿನ ವಾರದ ಭಾನುವಾರ ಮುಗಿಸಿ. ದಿನಕ್ಕೊಂದರಂತೆ ಒಂಬತ್ತು ಸುತ್ತು ಸರಿಯಾಗಿ ಕೂರುತ್ತೆ, ಅವರು ಆಫೀಸಿಗೆ ಹಾಕಬೇಕಾಗಿರೋದು ಐದೇ ದಿನ ರಜೆ.