‘ಅರ್ಥ ಆಯ್ತಾ?’ ಅಂತ ಕೇಳೋದನ್ನ ಬಿಡೋಣ

ಯೂನಿವರ್ಸಿಟಿ ತರಗತಿಗಳಲ್ಲಿ ಮೇಷ್ಟ್ರುಗಳ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರೋ ಪ್ರಶ್ನೆ ಯಾವುದು ಹೇಳಿ? ‘ಅರ್ಥ ಆಯ್ತಾ?’ ಎಲ್ಲರೂ ತಲೆ ಆಡಿಸ್ತಾರೆ, ನಾವು ಬೋರ್ಡ್ ಒರೆಸಿ ಮುಂದಕ್ಕೆ ಹೋಗ್ತೀವಿ. ಆ ತಲೆಯಾಟದಿಂದ ನಮಗೆ ತಿಳಿದಿದ್ದು ಏನೂ ಇಲ್ಲ. ಅರ್ಥವಾಗದವರಿಗೆ ಎಷ್ಟೋ ಸಲ ತಮಗೆ ಅರ್ಥವಾಗಿಲ್ಲ ಅನ್ನೋದೇ ಗೊತ್ತಿರೋದಿಲ್ಲ. ಗೊತ್ತಿದ್ದವರು ಎಲ್ಲರೆದುರು ಬಾಯಿ ಬಿಡೋದಿಲ್ಲ.

ಹಾಗಾದ್ರೆ ಏನು ಕೇಳಬೇಕು? ಭೌತಶಾಸ್ತ್ರದ ಒಂದು ಪ್ರಶ್ನೆ ತಗೊಳ್ಳಿ. ಚೆಂಡನ್ನ ನೇರ ಮೇಲಕ್ಕೆ ಎಸೆದಿದ್ದೀವಿ. ಅದು ತುತ್ತತುದಿ ಮುಟ್ಟಿದ ಕ್ಷಣದಲ್ಲಿ ವೇಗೋತ್ಕರ್ಷ, ಅಂದ್ರೆ ವೇಗ ಬದಲಾಗೋ ದರ, ಎಷ್ಟು? ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದವರಲ್ಲೂ ಅನೇಕರು ‘ಸೊನ್ನೆ’ ಅಂತಾರೆ. ಆ ಕ್ಷಣ ವೇಗ ಸೊನ್ನೆ, ನಿಜ. ವೇಗೋತ್ಕರ್ಷ ಮಾತ್ರ ಆಗಲೂ ಕೆಳಮುಖವಾಗಿ 9.8 ಮೀ/ಸೆ² ಇದ್ದೇ ಇರುತ್ತೆ. ಅದೂ ಸೊನ್ನೆಯಾಗಿ ಹಾಗೇ ಉಳಿದ್ರೆ ಚೆಂಡು ಅಲ್ಲೇ ನಿಂತುಬಿಡಬೇಕು, ಕೆಳಗೆ ಬರಬಾರದು. ಇದಕ್ಕೆ ಲೆಕ್ಕ ಬೇಕಿಲ್ಲ. ವೇಗ ಬೇರೆ, ವೇಗದ ಬದಲಾವಣೆ ಬೇರೆ ಅನ್ನೋದು ತಲೆಗೆ ಇಳಿದಿದೆಯೋ ಇಲ್ಲವೋ, ಅಷ್ಟೇ ಬಯಲಾಗುತ್ತೆ. ಇಂಥ ಪ್ರಶ್ನೆ ಹುಡುಕಬೇಕಾದ್ದು ಹಳೇ ಉತ್ತರಪತ್ರಿಕೆಗಳಲ್ಲಿ. ವಿದ್ಯಾರ್ಥಿಗಳು ನಿಜವಾಗಿ ಬರೆದ ತಪ್ಪುಗಳನ್ನೇ ಆಯ್ಕೆಗಳಾಗಿ ಕೊಡಿ. ನಾವು ಕೂತು ಕಲ್ಪಿಸಿಕೊಂಡ ತಪ್ಪುಗಳನ್ನ ಯಾರೂ ಆರಿಸೋದಿಲ್ಲ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಒಂದು ಕ್ರಮ ಇದೆ. ಯಾವ ವಿಷಯಕ್ಕಾದರೂ ಒಗ್ಗುತ್ತೆ. 10–12 ನಿಮಿಷ ವಿವರಣೆ, ಆಮೇಲೆ ಒಂದು ಪ್ರಶ್ನೆ. ಒಂದೆರಡು ನಿಮಿಷ ಪಿಸುಮಾತೂ ಇಲ್ಲದೆ ಒಬ್ಬೊಬ್ಬರೇ ಯೋಚಿಸಿ ಉತ್ತರ ಬರೆದುಕೊಳ್ಳಬೇಕು. ನಂತರ ಎಲ್ಲರೂ ಒಟ್ಟಿಗೇ ತಾವು ಆರಿಸಿದ ಆಯ್ಕೆಯ ಸಂಖ್ಯೆಯಷ್ಟು ಬೆರಳು ತೋರಿಸಬೇಕು, ಪಕ್ಕದವರಿಗೆ ಕಾಣದ ಹಾಗೆ ಎದೆಯ ಹತ್ತಿರ ಹಿಡಿದು. ಸರಿ ಉತ್ತರ ಶೇಕಡ 30ಕ್ಕಿಂತ ಕಡಿಮೆ ಇದ್ರೆ ಚರ್ಚೆ ಬೇಡ, ವಿವರಣೆಯೇ ಕೆಟ್ಟಿದೆ, ಇನ್ನೊಂದು ದಾರಿಯಿಂದ ಹೇಳಿ. 70 ದಾಟಿದ್ರೆ ಎರಡು ಮಾತಲ್ಲಿ ಮುಗಿಸಿ. ನಡುವೆ ಇದ್ದಾಗಲೇ ಕಲಿಕೆ ನಡೆಯೋದು: ಬೇರೆ ಉತ್ತರ ಆರಿಸಿದವರ ಜೊತೆ 2–3 ನಿಮಿಷ ವಾದ ಮಾಡಲಿ, ಮತ್ತೆ ಬೆರಳು ತೋರಿಸಲಿ. ಈಗಷ್ಟೇ ಅರ್ಥಮಾಡಿಕೊಂಡವರಿಗೆ ತಾವು ಎಲ್ಲಿ ಎಡವಿದ್ದೆವು ಅನ್ನೋದು ಇನ್ನೂ ನೆನಪಿರುತ್ತೆ. ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡುವವರಿಗೆ ಅದು ಮರೆತುಹೋಗಿರುತ್ತೆ.

ಇದು ಕೈಕೊಡೋದು ಎಲ್ಲಿ? ಮೊದಲ ಸುತ್ತಿನಲ್ಲಿ ಯಾವ ಉತ್ತರಕ್ಕೆ ಎಷ್ಟು ಜನ ಅಂತ ಹೇಳಿಬಿಟ್ರೆ ಚರ್ಚೆ ಅಲ್ಲಿಗೆ ಸತ್ತಿತು, ಎಲ್ಲರೂ ಬಹುಮತದ ಕಡೆ ವಾಲ್ತಾರೆ. ಬರೆದುಕೊಳ್ಳೋ ಮುಂಚೆ ಮಾತಾಡಲು ಬಿಟ್ರೆ ಜಾಣರೊಬ್ಬರ ಉತ್ತರ ಇಡೀ ಬೆಂಚಿನದಾಗುತ್ತೆ. ಸುಮ್ಮನಿರೋಕೆ ಆಗದೆ ನಾವೇ ಉತ್ತರ ಹೇಳಿಬಿಡೋದಂತೂ ಎಲ್ಲಕ್ಕಿಂತ ದೊಡ್ಡ ತೊಂದರೆ. ಮೇರಿ ಬಡ್ ರೋ ಅನ್ನೋ ಸಂಶೋಧಕಿ ಶಾಲಾ ತರಗತಿಗಳನ್ನ ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನ 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸದೆ ಕೂರುವವರು ಕಡಿಮೆಯಾದರು. ಯೂನಿವರ್ಸಿಟಿಯ ಪ್ರಶ್ನೆಗೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ನಿಮಗೆ ಎಷ್ಟು ಉದ್ದ ಅನ್ನಿಸುತ್ತೋ, ಯೋಚಿಸ್ತಾ ಇರುವವರಿಗೆ ಅಷ್ಟು ಅನ್ನಿಸೋದಿಲ್ಲ.

‘ಹೀಗೆ ಮಾಡಿದ್ರೆ ಸಿಲಬಸ್ ಮುಗಿಯೋದು ಯಾವಾಗ?’ ನ್ಯಾಯವಾದ ಪ್ರಶ್ನೆ. ಗಂಟೆಗೆ ಮೂರು ಪ್ರಶ್ನೆ ಅಂದ್ರೆ 20 ನಿಮಿಷ ಹೋಯ್ತು. ಪಠ್ಯಪುಸ್ತಕದಲ್ಲಿ ಚೆನ್ನಾಗಿರೋದನ್ನ ಬೋರ್ಡ್ ಮೇಲೆ ನಕಲು ಮಾಡೋದು ನಿಲ್ಲಿಸಿದ್ರೆ ಅಷ್ಟು ಸಮಯ ಸಿಗುತ್ತೆ. ಮೊದಲೇ ಓದಿಕೊಂಡು ಬರಲು ಹೇಳಿ, ಓದಿದ್ದಾರಾ ಅಂತ ಎರಡು ಸಣ್ಣ ಪ್ರಶ್ನೆ ಕೇಳಿ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನ ಒಟ್ಟುಗೂಡಿಸಿ 2014ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ, ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇಕಡ 34ರಷ್ಟು ಜನ ಫೇಲಾದರೆ, ವಿದ್ಯಾರ್ಥಿಗಳೇ ಕೆಲಸ ಮಾಡುವ ತರಗತಿಗಳಲ್ಲಿ 22ರಷ್ಟು. ಫೇಲಾದವರ ಪಾಲಿಗೆ ಸಿಲಬಸ್ ಮುಗಿದದ್ದರಿಂದ ಬಂದ ಲಾಭ ಏನು?

ಒಂದು ಎಚ್ಚರಿಕೆ ಮಾತ್ರ. ವಿದ್ಯಾರ್ಥಿಗಳಿಗೆ ಇದು ಮೊದಮೊದಲು ಹಿಡಿಸೋದಿಲ್ಲ. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ತರಗತಿಯಲ್ಲಿ ಕೂತವರು ಹೆಚ್ಚು ಕಲಿತಿದ್ದರು, ಆದ್ರೆ ಕಡಿಮೆ ಕಲಿತೆವು ಅಂತ ಅಂದುಕೊಂಡಿದ್ದರು. ನಿರರ್ಗಳವಾದ ಉಪನ್ಯಾಸ ಕೇಳ್ತಾ ಕೂತರೆ ಎಲ್ಲ ತಿಳಿದ ಹಾಗೇ ಅನ್ನಿಸುತ್ತೆ, ತಿಣುಕಿ ಕಲಿಯುವಾಗ ಹಾಗನ್ನಿಸೋದಿಲ್ಲ. ಮೊದಲ ವಾರವೇ ಇದನ್ನ ಅವರಿಗೆ ಬಿಡಿಸಿ ಹೇಳಿಬಿಡಿ.

ಇನ್ನು ತರಗತಿಯ ಕೊನೆಯ 2 ನಿಮಿಷ. ಹೆಸರು ಬರೆಯದ ಒಂದು ಚೀಟಿಯಲ್ಲಿ, ಇವತ್ತು ಎಲ್ಲಿ ಗೊಂದಲವಾಯ್ತು ಅಂತ ಒಂದೇ ವಾಕ್ಯ ಬರೆಸಿಕೊಳ್ಳಿ. 60 ಚೀಟಿ ಓದೋಕೆ ಹತ್ತು ನಿಮಿಷ ಸಾಕು. ಮುಂದಿನ ತರಗತಿ ಶುರುವಾಗಬೇಕಾದ್ದು ಅದರಲ್ಲಿ ಹೆಚ್ಚು ಬಂದ ಗೊಂದಲದಿಂದಲೇ. ಉತ್ತರ ಕೊಡದೆ ಬರೀ ಚೀಟಿ ಕೂಡಿಸ್ತಾ ಹೋದ್ರೆ ಸ್ವಲ್ಪ ದಿನಕ್ಕೇ ಖಾಲಿ ಚೀಟಿ ಬರೋಕೆ ಶುರುವಾಗುತ್ತೆ.