ಮೂಲೆಮನೆ ಮಗುವಿನ ಹಾಲು

ಕೇಳುಗರೆಲ್ಲರಿಗೂ ನಮಸ್ಕಾರ. ಒಲೆಯ ಮುಂದೆ ನಿಂತು ಕೇಳುತ್ತಿರುವವರು, ಅಂಗಡಿ ಬಾಗಿಲು ತೆಗೆಯುತ್ತ ಕೇಳುತ್ತಿರುವವರು, ನಿಮ್ಮನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದೇನೆ.

ಮೂವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಹೇಳಿದೆ. ಪ್ರತಿ ವರ್ಷವೂ ಯಾರಾದರೊಬ್ಬರು ಏಳುತ್ತಿದ್ದರು: "ಸಾರ್, ದೇವರ ಭಯ ಇಲ್ಲದಿದ್ದರೆ ಜನ ನೆಟ್ಟಗಿರ್ತಾರಾ?" ಇರ್ತಾರೆ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ನಾನೂ ಮತ್ತೆ ಹೇಳುತ್ತೇನೆ. ಒಳ್ಳೆಯ ಕೆಲಸದ ಕಾರಣ ಎದುರಿಗಿರುವ ಮನುಷ್ಯ, ಮೇಲಿಂದ ಸಿಗುವ ಬಹುಮಾನವಲ್ಲ.

ನಮ್ಮಜ್ಜಿ ಹಾಲು ಮಾರುತ್ತಿದ್ದಳು. ಅವಳದೊಂದು ಹಿತ್ತಾಳೆ ಪಾವು. ಒಂದು ದಿನ ಅದು ಬಾವಿಕಟ್ಟೆಯ ಮೇಲೆ ಬಿದ್ದು ತಳ ಒಳಕ್ಕೆ ನೆಗ್ಗಿತು. ಕೈಯಲ್ಲಿ ಹಿಡಿದು ಅಳೆದರೆ ಯಾರಿಗೂ ಕಾಣದು. ಅಳತೆಗೆ ಎರಡು ಚಮಚ ಹಾಲು ಅವಳಿಗೇ ಉಳಿಯುತ್ತದೆ. ಮಾರನೆಯ ಬೆಳಗ್ಗೆ ನೋಡುತ್ತೇನೆ, ಪಾವು ಬಗ್ಗಿಸಿದ ಮೇಲೆ ಪ್ರತಿ ಚೊಂಬಿಗೂ ಇನ್ನೊಂದಿಷ್ಟು ಸುರಿಯುತ್ತಿದ್ದಾಳೆ. ಸಂತೆಯ ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಕಂಚುಗಾರನ ಮುಂದೆ ಕೂತು, ತಳ ಬಡಿಸಿ, ನೀರು ತುಂಬಿ ಪರೀಕ್ಷೆ ಮಾಡಿಯೇ ತಂದಳು. ಸೋಮವಾರ ತಪ್ಪದೆ ಒಪ್ಪತ್ತು ಇರುತ್ತಿದ್ದವಳು, ದೇವಸ್ಥಾನದ ಮುಂದೆ ಚಪ್ಪಲಿ ಬಿಡದೆ ಹಾದುಹೋದವಳಲ್ಲ. ಅದಕ್ಕೇ ಕೇಳಿದೆ: "ದೇವರು ನೋಡ್ತಾನೆ ಅಂತಾನಾ ಅಜ್ಜಿ?" ಅವಳಿಗೆ ಸಿಟ್ಟೇ ಬಂತು. "ದೇವ್ರಿಗೇನು ಕೆಲಸ ಇಲ್ಲಿ? ಮೂಲೆಮನೆ ಮಗು ಅಲ್ವೇನೋ ಈ ಹಾಲು ಕುಡಿಯೋದು?"

ಅವಳು ದೇವರನ್ನು ನಂಬಿದ್ದಳು. ಆದರೆ ಹಾಲು ಅಳೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಆ ಮಗು.

ಇದೇ ಮಾತನ್ನು ಗ್ರೀಕ್ ತತ್ತ್ವಜ್ಞಾನಿ ಸಾಕ್ರೆಟಿಸ್ ಬೇರೆ ದಾರಿಯಲ್ಲಿ ಹಿಡಿದ. ಕ್ರಿಸ್ತಪೂರ್ವ 399, ಅಥೆನ್ಸ್. ತನ್ನ ಮೇಲೆಯೇ ದೈವನಿಂದೆಯ ಮೊಕದ್ದಮೆ ಇದೆ. ನ್ಯಾಯಾಧಿಕಾರಿಯ ಕಚೇರಿಯ ಬಳಿ ಯೂಥಿಫ್ರೋ ಎಂಬವನು ಸಿಗುತ್ತಾನೆ. ಕೂಲಿಯವನೊಬ್ಬನನ್ನು ಕಟ್ಟಿ ಹಳ್ಳದಲ್ಲಿ ಕೆಡವಿ ಸಾಯಲು ಬಿಟ್ಟ ತನ್ನ ತಂದೆಯ ಮೇಲೆಯೇ ಅವನು ಕೊಲೆ ಆರೋಪ ಹೊರಿಸಲು ಬಂದಿದ್ದಾನೆ. ದೇವತೆಗಳಿಗೆ ಮೆಚ್ಚುಗೆಯಾದದ್ದೇ ಧರ್ಮ ಎನ್ನುತ್ತಾನೆ. ಸಾಕ್ರೆಟಿಸ್ ಕೇಳುತ್ತಾನೆ: ಅವರು ಮೆಚ್ಚಿದ್ದರಿಂದ ಅದು ಧರ್ಮವಾಯಿತೋ, ಧರ್ಮವಾಗಿದ್ದರಿಂದ ಅವರು ಮೆಚ್ಚಿದರೋ? ಮೊದಲನೆಯದಾದರೆ, ದೇವತೆಗಳು ನಾಳೆ ಸುಳ್ಳನ್ನು ಮೆಚ್ಚಿದರೆ ಸುಳ್ಳೇ ಧರ್ಮ. ಒಪ್ಪುತ್ತೀರಾ? ನಾನಂತೂ ಒಪ್ಪಲಾರೆ. ಎರಡನೆಯದಾದರೆ, ದೇವತೆಗಳು ಮೆಚ್ಚುವ ಮೊದಲೇ ಅದು ಧರ್ಮ.

ಸಮಯ ಓಡುತ್ತಿದೆ, ಬೇಗ ಹೇಳಿಬಿಡುತ್ತೇನೆ. 12ನೇ ಶತಮಾನದ ಬಸವಣ್ಣನವರು ಪರಮ ಭಕ್ತರು. ಅವರೇ ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದರು. ಸತ್ತ ಮೇಲಿನ ಸಂಬಳಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ನು ನಮ್ಮ ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಕಡೆಯಿಂದ ಓದಲಿಕ್ಕೆ ಬೆಂಗಳೂರಿಗೆ ನಡೆದೇ ಬಂದ ಹುಡುಗ. ಪವಾಡಗಳನ್ನು ಪರೀಕ್ಷಿಸಿ ನೋಡೋಣ ಎಂದು 1976ರಲ್ಲಿ ಸಮಿತಿ ಮಾಡಿದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅಂಥವರು ಖಾದಿ ಉಟ್ಟು, ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಅದು ಯಾವ ಸ್ವರ್ಗದ ಆಸೆಗೆ, ಹೇಳಿ? ಎದುರಿಗೆ ಓದುವ ಹುಡುಗರಿದ್ದರು, ಅಷ್ಟೇ.

ತಾಯಿತಂದೆಯರಲ್ಲಿ ಒಂದು ಕೇಳಿಕೆ. ಮಗು ಪಕ್ಕದವಳ ಪೆನ್ಸಿಲ್ ಮನೆಗೆ ತಂದರೆ, ದೇವರು ಕಣ್ಣು ಕೀಳ್ತಾನೆ ಎಂದು ಹೆದರಿಸಬೇಡಿ. ಪಕ್ಕ ಕೂರಿಸಿಕೊಂಡು, "ಅವಳು ಈಗ ಹೋಮ್‌ವರ್ಕ್ ಯಾವುದರಲ್ಲಿ ಬರೀತಿದ್ದಾಳೆ?" ಎಂದು ಕೇಳಿ. ನಮಸ್ಕಾರ.